ಕೈತೋಟದ ತರಕಾರಿಗೆ ಕೀಟ ಬಿದ್ದಾಗ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಮೆಣಸಿನ ಗಿಡದ ಎಲೆ ಮುದುರಿದ ಕೂಡಲೇ ಬೇವಿನೆಣ್ಣೆಯ ಬಾಟಲಿಗೆ ಕೈಹಾಕುವುದು ಕೈತೋಟ ಮಾಡುವವರಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಎಲೆ ಮುದುರುವುದಕ್ಕೆ ಹಲವು ಕಾರಣಗಳಿದ್ದು, ಅವುಗಳಲ್ಲಿ ಸಸ್ಯಹೇನಿಗೆ ಬೇವು ಚೆನ್ನಾಗಿ ಕೆಲಸ ಮಾಡುತ್ತದೆ, ಥ್ರಿಪ್ಸ್ ಎಂಬ ರಸ ಹೀರುವ ಕಿರುಕೀಟ ಮತ್ತು ಮೈಟ್ ನುಸಿಗಳಿಗೆ ಅರೆಬರೆಯಾಗಿ ತಾಗುತ್ತದೆ, ನಂಜು (ವೈರಸ್) ರೋಗಕ್ಕೆ ಯಾವ ಕಷಾಯವೂ ತಾಗುವುದಿಲ್ಲ. ಸಹಜ ವಿಧಾನಗಳು ನಿಷ್ಪ್ರಯೋಜಕವೆಂದು ದೂರುವವರಲ್ಲಿ ಬಹುಪಾಲು ಜನ ಸರಿಯಾದ ಔಷಧವನ್ನು ತಪ್ಪು ಕೀಟಕ್ಕೆ ಹಾಕಿದವರೇ ಆಗಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ಗಿಡದ ಮೇಲೆ ಕಣ್ಣಿಗೆ ಬೀಳುವ ಲಕ್ಷಣದಿಂದ ಆರಂಭಿಸಿ, ಖರ್ಚಿಲ್ಲದ ತಪಾಸಣೆಯಿಂದ ಹೆಚ್ಚು ಶ್ರಮದ ಉಪಾಯದ ಕಡೆಗೆ ಸಾಗಲಾಗಿದೆ.

ಏನನ್ನೂ ಸಿಂಪಡಿಸುವ ಮೊದಲು

ಮೊದಲ ಕೆಲಸವೆಂದರೆ ಎಲೆಯನ್ನು ಮಗುಚಿ ನೋಡುವುದು. ಬಿಳಿನೊಣದ ಮರಿ, ಸಸ್ಯಹೇನು, ನುಸಿ, ಪತಂಗದ ಮೊಟ್ಟೆ ಇವೆಲ್ಲ ಎಲೆಯ ತಳಭಾಗದಲ್ಲೇ ಹೆಚ್ಚಾಗಿರುತ್ತವೆ. ಮೇಲಿನಿಂದ ನೋಡಿದವರಿಗೆ ಕಾಣುವುದು ಅವು ಮಾಡಿದ ಹಾನಿ ಮಾತ್ರ. ಎರಡನೆಯದಾಗಿ, ಒಂದು ಬಿಳಿ ಹಾಳೆಯನ್ನು ಕುಡಿಯ ಕೆಳಗೆ ಹಿಡಿದು ರೆಂಬೆಯನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಬೇಕು. ಹಾಳೆಯ ಮೇಲೆ ಬಿದ್ದ ಕಣಗಳಲ್ಲಿ ಉದ್ದಕ್ಕೆ ಗೀರಿನಂತಿದ್ದು ಚುರುಕಾಗಿ ಓಡುವಂಥವು ಥ್ರಿಪ್ಸ್. ಚುಕ್ಕಿಯಂತಿದ್ದು ನಿಧಾನವಾಗಿ ತೆವಳುವ, ಬೆರಳಿನಿಂದ ಒರೆಸಿದರೆ ಕೆಂಪಗಿನ ಗೆರೆ ಬಿಡುವಂಥವು ಕೆಂಪು ಮೈಟ್ ನುಸಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರುವ ಭೂತಗನ್ನಡಿಯೊಂದು ಮನೆಯಲ್ಲಿದ್ದರೆ ಹತ್ತು ಬಗೆಯ ಔಷಧ ತಂದಿಡುವುದಕ್ಕಿಂತ ಹೆಚ್ಚಿನ ಉಪಯೋಗವಾಗುತ್ತದೆ.

ಹಗಲಿನಲ್ಲಿ ಏನೂ ಸಿಗದೆ ಎಲೆಗಳು ಮಾತ್ರ ದಿನದಿನಕ್ಕೂ ಖಾಲಿಯಾಗುತ್ತಿದ್ದರೆ, ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ನೋಡಬೇಕು. ಬಸವನಹುಳು, ಗೊಂಡೆಹುಳು, ಕಾಂಡ ಕತ್ತರಿಸುವ ಹುಳು ಇವೆಲ್ಲ ಇರುಳಿನಲ್ಲಿ ಮೇಯುವ ಜೀವಿಗಳು.

ಕೊನೆಯದಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಎಲೆಯನ್ನು ಕಡಿದಿದ್ದಾರೆಯೇ, ಹೀರಿದ್ದಾರೆಯೇ? ತೂತು, ಹರಿದ ಅಂಚು, ಹಿಕ್ಕೆ ಇದ್ದರೆ ಕಡಿಯುವ ಬಾಯಿಯ ಕೀಟ. ಮುದುರು, ಬಿಳಿಚು, ಅಂಟು ಇದ್ದರೆ ರಸ ಹೀರುವ ಕೀಟ. ಸೋಪಿನ ನೀರು ಎರಡನೆಯ ಗುಂಪಿನ ಮೆದುಮೈಯ ಕೀಟಗಳಿಗೆ ಮಾತ್ರ ಆಗಿಬರುತ್ತದೆ. ಬಲಿತ ಕಂಬಳಿಹುಳುವಿಗೆ ಅದು ಸ್ನಾನ ಮಾಡಿಸಿದಷ್ಟೇ.

ಮೆಣಸು, ಟೊಮೆಟೊ ಎಲೆ ಮುದುರಿದ್ದರೆ

ಮೆಣಸಿನ ಗಿಡದಲ್ಲಿ ಮುದುರಿನ ದಿಕ್ಕನ್ನು ನೋಡಬೇಕು. ಎಲೆಯ ಅಂಚುಗಳು ಮೇಲ್ಮುಖವಾಗಿ ಮಡಚಿಕೊಂಡು ದೋಣಿಯ ಆಕಾರ ತಾಳಿದ್ದರೆ, ತಳಭಾಗದಲ್ಲಿ ಬೆಳ್ಳಿ ಅಥವಾ ಕಂದು ಬಣ್ಣದ ತರಚು ಗುರುತು ಇದ್ದರೆ, ಅದು ಥ್ರಿಪ್ಸ್. ಎಲೆಗಳು ಕೆಳಮುಖವಾಗಿ ಬಾಗಿ, ಕಿರಿದಾಗಿ, ತೊಟ್ಟು ಮಾತ್ರ ಉದ್ದವಾಗಿ ಇಲಿ ಬಾಲದಂತೆ ಕಂಡರೆ ಅದು ಹಳದಿ ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣಿಸುವುದೇ ಕಷ್ಟ. ಎರಡೂ ಒಟ್ಟಿಗೆ ಬರುವುದುಂಟು. ಆಗ ಒಂದೇ ಗಿಡದಲ್ಲಿ ಎರಡು ಬಗೆಯ ಎಲೆಗಳೂ ಕಾಣುತ್ತವೆ.

ಥ್ರಿಪ್ಸ್ ಒಣಹವೆಯ ಕೀಟವಾದ್ದರಿಂದ ಫೆಬ್ರವರಿಯಿಂದ ಮೇ ತಿಂಗಳವರೆಗೆ ಅದರ ಕಾಟ ಹೆಚ್ಚು. ಬೆಳಿಗ್ಗೆ ಎಲೆಗಳ ತಳಭಾಗಕ್ಕೆ ರಭಸವಾಗಿ ನೀರು ಹಾಯಿಸುವುದು ಮೊದಲ ಉಪಾಯ. ಎರಡು ಮೂರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಐದಾರು ಕುಂಡಗಳ ತೋಟದಲ್ಲಿ ಬೇರೇನೂ ಬೇಕಾಗದಿರಬಹುದು. ಅದರ ಮೇಲೂ ಹೊಸ ಕುಡಿ ಮುದುರುತ್ತಿದ್ದರೆ ನೀಲಿ ಬಣ್ಣದ ಅಂಟು ಹಾಳೆ ಕಟ್ಟಿ, ಬೇವಿನ ಬೀಜದ ಕಷಾಯವನ್ನು ವಾರಕ್ಕೊಮ್ಮೆ ಕೊಡಬೇಕು. ಹೂವಿನೊಳಗೂ ಒಮ್ಮೆ ಇಣುಕುವುದು ಒಳ್ಳೆಯದು, ಏಕೆಂದರೆ 2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣ ಮತ್ತು ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿದ ಕಪ್ಪು ಥ್ರಿಪ್ಸ್ ಎಲೆಗಿಂತ ಹೆಚ್ಚಾಗಿ ಹೂವಿನಲ್ಲೇ ಸೇರಿಕೊಂಡು ಹೂ ಉದುರಿಸುತ್ತದೆ; ಹೂವನ್ನು ಹಾಳೆಯ ಮೇಲೆ ಕೊಡವಿದರೆ ಕಪ್ಪು ಗೀರುಗಳಂತೆ ಬೀಳುತ್ತದೆ.

ಮೈಟ್ ನುಸಿಗೆ ಮೊದಲು ಬಾಧೆಗೊಂಡ ಕುಡಿಗಳನ್ನು ಚಿವುಟಿ ತೆಗೆಯಬೇಕು. ನೀರು ಮತ್ತು ಬೇವಿಗೆ ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಪ್ರಮಾಣದಲ್ಲಿ ಸಂಜೆ ಸಿಂಪಡಿಸಬಹುದು. ಆದರೆ ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ, ಸೌತೆ, ಹೀರೆಯಂತಹ ಬಳ್ಳಿಗಳ ಮೇಲೆ, ಹಾಗೂ ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಹಾಕಿದರೆ ಎಲೆ ಸುಡುತ್ತದೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಗಂಧಕದ ಯೋಚನೆಯನ್ನೇ ಬಿಡುವುದು ಕ್ಷೇಮ.

ಎಲೆಗಳು ಚಿಕ್ಕದಾಗಿ, ನರಗಳ ನಡುವೆ ಹಳದಿಯಾಗಿ, ಗೊಂಚಲು ಕಟ್ಟಿ, ಗಿಡದ ಬೆಳವಣಿಗೆಯೇ ನಿಂತಿದ್ದರೆ ಅದು ಬಿಳಿನೊಣ ಹರಡುವ ಎಲೆ ಮುಟುರು ನಂಜು. ಬೆಂಡೆಯಲ್ಲಿ ಇದರ ಸಂಬಂಧಿಯಾದ ಹಳದಿ ನರ ರೋಗವೂ ಬಿಳಿನೊಣದಿಂದಲೇ ಬರುತ್ತದೆ. ಇಲ್ಲಿಗೆ ಚಿಕಿತ್ಸೆಯ ಪ್ರಯತ್ನವನ್ನು ನಿಲ್ಲಿಸಬೇಕು. ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ನೊಣ ಹಾರಿಹೋಗದಂತೆ ಬುಡದಿಂದ ಕಿತ್ತು ಹಾಕುವುದೊಂದೇ ಉಳಿದ ಗಿಡಗಳನ್ನು ಕಾಪಾಡುವ ದಾರಿ. ಮುಂದಿನ ಬೆಳೆಗೆ ಸಸಿಗಳನ್ನು ನೈಲಾನ್ ಪರದೆಯೊಳಗೆ ಬೆಳೆಸುವುದು ಮತ್ತು ತಡೆಗುಣವಿರುವ ತಳಿ ಆರಿಸುವುದು ಕಷಾಯಗಳಿಗಿಂತ ನಂಬಿಕೆಯ ಉಪಾಯಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊಗೆ ಎಲೆ ಮುಟುರು ನಂಜು, ದುಂಡಾಣು ಸೊರಗು ರೋಗ ಮತ್ತು ಅಂಗಮಾರಿ ಮೂರನ್ನೂ ತಾಳುವ ಗುಣವಿದೆ. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆಯನ್ನು ಹಳದಿ ನರ ರೋಗ ತಡೆಯುವುದಕ್ಕೆಂದೇ ರೂಪಿಸಲಾಯಿತು.

ಟೊಮೆಟೊ ಗಿಡದ ಕೆಳಗಿನ ಎಲೆಗಳು ಮಾತ್ರ ಸುರುಳಿ ಸುತ್ತಿ, ದಪ್ಪಗೆ, ಆದರೆ ಹಸಿರಾಗಿಯೇ ಇದ್ದರೆ ಗಾಬರಿ ಬೇಡ. ಬಿಸಿಲಿನ ಝಳಕ್ಕೆ ಗಿಡ ತಾನೇ ಮಾಡಿಕೊಳ್ಳುವ ಹೊಂದಾಣಿಕೆಯದು.

ಎಲೆ ಅಂಟಂಟಾಗಿ, ಇರುವೆ ಸಾಲು ಹತ್ತಿದ್ದರೆ

ಇರುವೆ ಇಲ್ಲಿ ಅಪರಾಧಿಯಲ್ಲ, ಆದರೆ ಅಪರಾಧಿಯ ಕಾವಲುಗಾರ. ಸಸ್ಯಹೇನು ಮತ್ತು ಹಿಟ್ಟು ತಿಗಣೆ ವಿಸರ್ಜಿಸುವ ಸಿಹಿ ದ್ರವಕ್ಕಾಗಿ ಇರುವೆಗಳು ಅವುಗಳನ್ನು ಸಾಕುತ್ತವೆ, ಅವುಗಳನ್ನು ತಿನ್ನಲು ಬರುವ ಕೀಟಗಳನ್ನು ಓಡಿಸುತ್ತವೆ. ಅದೇ ದ್ರವದ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಬಳಿದಂತಾಗುತ್ತದೆ. ಬೂಷ್ಟಿಗೆ ಪ್ರತ್ಯೇಕ ಔಷಧ ಬೇಕಿಲ್ಲ. ಹೀರುವ ಕೀಟ ಹೋದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಹೋಗುತ್ತದೆ.

ಅವರೆ, ಅಲಸಂದೆಯ ಕುಡಿಗೆ ಮೋಡ ಕವಿದ ದಿನಗಳಲ್ಲಿ ಕಪ್ಪು ಹೇನು ಮುತ್ತುವುದನ್ನು ಎಲ್ಲರೂ ಕಂಡಿರುತ್ತಾರೆ. ಔಷಧ ಹಾಕುವ ಮೊದಲು ಹೇನಿನ ಗುಂಪನ್ನು ಹತ್ತಿರದಿಂದ ನೋಡಬೇಕು. ನಡುನಡುವೆ ಉಬ್ಬಿ, ಒಣಗಿದ ಕಾಗದದಂತೆ ಕಂದು ಬಣ್ಣಕ್ಕೆ ತಿರುಗಿ ಅಲುಗಾಡದೆ ಕೂತ ಹೇನುಗಳು, ಅವುಗಳ ಬೆನ್ನಲ್ಲಿ ದುಂಡಗಿನ ಸಣ್ಣ ರಂಧ್ರ ಕಂಡರೆ ಹೇನಿನೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರಾವಲಂಬಿ ಕಣಜ ಆಗಲೇ ಕೆಲಸ ಆರಂಭಿಸಿದೆಯೆಂದು ಅರ್ಥ. ಗುಲಗಂಜಿ ಹುಳುವಿನ ಮರಿಯೂ ಅಲ್ಲೇ ಸಿಗುತ್ತದೆ. ಅದು ಕಪ್ಪು ಮೈಯ ಮೇಲೆ ಕಿತ್ತಳೆ ಮಚ್ಚೆಗಳಿರುವ, ನೋಡಲು ಒರಟಾದ ಹುಳು. ಅದನ್ನೇ ಶತ್ರುವೆಂದು ಹೊಸಕಿ ಹಾಕುವವರು ಬಹಳ. ಇವೆರಡರಲ್ಲಿ ಒಂದು ಕಂಡರೂ ಒಂದು ವಾರ ಕಾಯುವುದು ಬುದ್ಧಿವಂತಿಕೆ. ಕಾಣದಿದ್ದರೆ ಮುತ್ತಿದ ಕುಡಿಯನ್ನು ಚಿವುಟಿ, ಉಳಿದದ್ದಕ್ಕೆ ನೀರು ರಾಚಿ, ಆಮೇಲೆ ಲೀಟರಿಗೆ 5 ಗ್ರಾಂ ಸಾದಾ ಬಟ್ಟೆ ಸೋಪು ಕರಗಿಸಿದ ನೀರನ್ನು ಸಿಂಪಡಿಸಬೇಕು. ಪಾತ್ರೆ ತೊಳೆಯುವ ದ್ರವ ಬೇಡ. ಅದರಲ್ಲಿರುವ ಜಿಡ್ಡು ತೆಗೆಯುವ ರಾಸಾಯನಿಕ ಎಲೆಯ ಮೇಣದ ಪದರವನ್ನೂ ತೆಗೆದುಬಿಡುತ್ತದೆ.

ಹೇನು ಮತ್ತೆ ಮತ್ತೆ ಬರುತ್ತಿದ್ದರೆ ಗೊಬ್ಬರದ ಕಡೆ ತಿರುಗಿ ನೋಡಬೇಕು. ಯೂರಿಯಾ ಇರಲಿ, ಹೆಚ್ಚಾದ ಹಿಂಡಿ ನೀರಿರಲಿ, ಸಾರಜನಕ ಮಿತಿ ಮೀರಿದರೆ ಕುಡಿ ಕೊಬ್ಬಿ ಮೆತ್ತಗಾಗುತ್ತದೆ, ಹೀರುವ ಕೀಟಗಳಿಗೆ ಅದೇ ಆಹ್ವಾನ.

ದಾಸವಾಳ, ಬದನೆ, ಪಪ್ಪಾಯಿಯಲ್ಲಿ ಹತ್ತಿಯಂತೆ ಬಿಳಿಯದಾಗಿ ಅಂಟಿಕೊಂಡಿರುವುದು ಹಿಟ್ಟು ತಿಗಣೆ. ಅದರ ಮೈಮೇಲಿನ ಮೇಣದಿಂದಾಗಿ ನೀರಿನಂಥ ಕಷಾಯ ಜಾರಿಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ ಉಜ್ಜಿ ತೆಗೆದ ಮೇಲೆಯೇ ಬೇವಿನೆಣ್ಣೆ ಹಿಡಿಯುವುದು. ಬಿಳಿ ಹುಳುಗಳ ನಡುವೆ ಗಾತ್ರದಲ್ಲಿ ದೊಡ್ಡದಾದ, ಉದ್ದುದ್ದ ಮೇಣದ ಎಳೆಗಳಿರುವ, ಮುಟ್ಟಿದರೆ ಬೇಗ ಓಡುವ ಹುಳು ಕಂಡರೆ ಅದನ್ನು ಬಿಟ್ಟುಬಿಡಬೇಕು. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಜಾತಿಯೊಂದರ ಮರಿ. ಇಂತಹ ಮಿತ್ರಕೀಟಗಳ ಬೆಲೆ ತಿಳಿಯಲು ಪಪ್ಪಾಯಿಯ ಪ್ರಸಂಗವೇ ಸಾಕು. 2008ರಲ್ಲಿ ಕೊಯಮತ್ತೂರಿನ ಸುತ್ತ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿತು. ಕೀಟನಾಶಕಗಳಿಂದ ಬಗೆಹರಿಯದ ಈ ಸಮಸ್ಯೆಯನ್ನು, 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಸಂಶೋಧನಾ ಸಂಸ್ಥೆಗೆ ತರಿಸಿ ಬೆಳೆಸಿ ಬಿಟ್ಟ ಪುಟ್ಟ ಪರಾವಲಂಬಿ ಕಣಜಗಳು ಹತೋಟಿಗೆ ತಂದವು.

ಎಲೆಯಲ್ಲಿ ತೂತು, ಗೀರು, ಜಾಲರಿ

ತೂತಿನ ಸುತ್ತ ಕಪ್ಪು ಹಿಕ್ಕೆ ಇದ್ದರೆ ಹುಳು ಅಲ್ಲೇ ಎಲ್ಲೋ ಇದೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳು ಒಂದೇ ಎಲೆಯ ತಳದಲ್ಲಿ ಗುಂಪಾಗಿರುವಾಗ ಆ ಎಲೆಯನ್ನು ಕಿತ್ತು ಸೋಪಿನ ನೀರಿಗೆ ಹಾಕಿದರೆ ಮುಂದಿನ ಹದಿನೈದು ದಿನದ ಕಾಟ ತಪ್ಪುತ್ತದೆ. ಹುಳು ಬಲಿತ ಮೇಲೆ ಕೈಯಲ್ಲಿ ಆರಿಸುವುದೇ ಸರಿ. ಎಲೆಕೋಸಿನಲ್ಲಿ ಆರಿಸಿ ಮುಗಿಯದಷ್ಟಿದ್ದರೆ ಬಿ.ಟಿ. ಎಂಬ ದುಂಡಾಣುವಿನ ಪುಡಿ ಸಿಗುತ್ತದೆ. ಹುಳು ಅದನ್ನು ತಿಂದರೆ ಮಾತ್ರ ಸಾಯುವುದರಿಂದ ಎಲೆಯ ಎರಡೂ ಬದಿಗೆ, ಸಂಜೆ, ಮರಿ ಹುಳು ಇರುವಾಗಲೇ ಹಾಕಬೇಕು.

ಸೌತೆ, ಕುಂಬಳದ ಎಳೆ ಸಸಿಯಲ್ಲಿ ಕಿತ್ತಳೆ ಬಣ್ಣದ ದುಂಬಿಗಳು ಎಲೆ ತೂತು ಮಾಡುತ್ತಿದ್ದರೆ, ಬೆಳಗಿನ ಚಳಿಗೆ ಅವು ಜಡವಾಗಿರುವಾಗ ಆರಿಸಬೇಕು. ಇಬ್ಬನಿಯಿರುವಾಗ ಒಲೆಯ ಬೂದಿ ಎರಚುವ ಹಳೆಯ ಪದ್ಧತಿ ಈ ದುಂಬಿಗೆ ಉಪಯುಕ್ತ. ಆದರೆ ಒಂದು ಮಳೆಗೆ ಬೂದಿ ತೊಳೆದುಹೋಗುತ್ತದೆ, ಮತ್ತೆ ಮತ್ತೆ ಎರಚಿದರೆ ಕುಂಡದ ಮಣ್ಣು ಕ್ಷಾರವಾಗುತ್ತದೆ.

ಬದನೆ ಎಲೆ ನರಗಳಷ್ಟೇ ಉಳಿದು ಜಾಲರಿಯಂತಾಗಿದ್ದು, ಅದರ ಮೇಲೆ ಚುಕ್ಕಿಗಳ ದುಂಬಿ ಕೂತಿದ್ದರೆ ಅದನ್ನು ಗುಲಗಂಜಿ ಹುಳುವೆಂದು ತಿಳಿದು ಸಾಕಬಾರದು. ಮಿತ್ರ ಗುಲಗಂಜಿಯ ಬೆನ್ನು ನುಣುಪಾಗಿ ಹೊಳೆಯುತ್ತದೆ. ಬದನೆಯ ದುಂಬಿಯ ಬೆನ್ನು ಮಂಕಾಗಿ, ಸಣ್ಣ ರೋಮಗಳಿಂದ ಕೂಡಿರುತ್ತದೆ, ಅದರ ಮರಿ ಹಳದಿಯಾಗಿ ಮೈತುಂಬ ಕವಲು ಮುಳ್ಳು ಹೊತ್ತಿರುತ್ತದೆ.

ಎಲೆಯ ಮೇಲೆ ಬಿಳಿ ಗೆರೆಗಳು ಅಂಕುಡೊಂಕಾಗಿ ಎಳೆದಂತಿದ್ದರೆ ರಂಗೋಲಿ ಹುಳು. ಅದು ಎಲೆಯ ಎರಡು ಪದರಗಳ ನಡುವೆ ಇರುವುದರಿಂದ ಸೋಪು ತಾಗದು. ಕೆಳಗಿನ ಬಾಧಿತ ಎಲೆಗಳನ್ನು ಕಿತ್ತು ತೋಟದಿಂದ ಹೊರಗೆ ಹಾಕಿದರೆ ಸಾಕು.

ಮಳೆಗಾಲದಲ್ಲಿ ಎಲೆಯ ಮೇಲೆ ಒಣಗಿ ಹೊಳೆಯುವ ಲೋಳೆಯ ಜಾಡು ಕಂಡರೆ ಬಸವನಹುಳು. 1847ರಲ್ಲಿ ಕಲ್ಕತ್ತೆಗೆ ತರಲ್ಪಟ್ಟ ಆಫ್ರಿಕಾದ ದೊಡ್ಡ ಶಂಖದ ಹುಳು ಇಂದು ಮಲೆನಾಡಿನ ಕಾಫಿ ಅಡಿಕೆ ತೋಟಗಳಿಂದ ಬೆಂಗಳೂರಿನ ಹಿತ್ತಲುಗಳವರೆಗೆ ಇದೆ. ಮೊಟ್ಟೆ ಚಿಪ್ಪು ಸುರಿದು ಬೇಲಿ ಕಟ್ಟುವುದರಿಂದ ಅದು ನಿಲ್ಲುವುದಿಲ್ಲ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಹೊರ ಎಲೆಗಳನ್ನಿಟ್ಟು, ಬೆಳಿಗ್ಗೆ ಅಲ್ಲಿ ಸೇರಿದವನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಉಪ್ಪನ್ನು ಮಣ್ಣಿಗೆ ಎರಚಬಾರದು. ಎರಡು ಎಚ್ಚರಿಕೆಗಳು: ಗೋಣಿಯನ್ನು ಕೈಯಿಂದಲ್ಲ, ಕೋಲಿನಿಂದ ಎತ್ತಬೇಕು, ಏಕೆಂದರೆ ತಂಪಿಗೆ ಹಾವು, ಚೇಳು ಸೇರಿರುವ ಸಾಧ್ಯತೆಯಿದೆ. ಬಸವನಹುಳುವನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ಹರಿದಾಡಿದ ಸೊಪ್ಪನ್ನು ಚೆನ್ನಾಗಿ ತೊಳೆಯದೆ ಹಸಿಯಾಗಿ ತಿನ್ನಬಾರದು. ಅದರ ಮೈಯಲ್ಲಿರಬಹುದಾದ ಪರೋಪಜೀವಿಯೊಂದು ಮನುಷ್ಯರಲ್ಲಿ ಮಿದುಳು ಪೊರೆಯ ಉರಿಯೂತ ತರುತ್ತದೆ.

ಕುಡಿ ಬಾಡಿದರೆ, ಕಾಯಿ ಕೊರೆದರೆ, ಮಿಡಿ ಉದುರಿದರೆ

ಬದನೆ ಗಿಡವೆಲ್ಲ ಚೆನ್ನಾಗಿದ್ದು ಒಂದೆರಡು ಕುಡಿ ಮಾತ್ರ ತಲೆಬಾಗಿದ್ದರೆ ನೀರಿನ ಕೊರತೆಯಲ್ಲ, ಒಳಗೆ ಹುಳು ಇದೆ. ಬಾಡಿದ ಭಾಗದಿಂದ ಒಂದು ಅಂಗುಲ ಕೆಳಗೆ ಕತ್ತರಿಸಿ ಸೀಳಿದರೆ ನಸುಗೆಂಪಿನ ಹುಳು ಕಾಣುತ್ತದೆ. ಈ ಕುಡಿಗಳನ್ನು ವಾರಕ್ಕೊಮ್ಮೆ ತಪ್ಪದೆ ಕತ್ತರಿಸಿ ಸುಟ್ಟರೆ, ಅದೇ ಹುಳು ಕಾಯಿಗೆ ಇಳಿಯುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಕಾಯಿಯೊಳಗೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ತಲುಪದು. ಹತ್ತಾರು ಗಿಡಗಳಿದ್ದವರು ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಬಹುದು.

ಟೊಮೆಟೊ ಕಾಯಿಯಲ್ಲಿ ದುಂಡಗಿನ ದೊಡ್ಡ ರಂಧ್ರವಿದ್ದು ಹುಳು ಅರ್ಧ ಒಳಗೆ ಅರ್ಧ ಹೊರಗೆ ಇದ್ದರೆ ಕಾಯಿ ಕೊರಕ. ಇದಕ್ಕೆ ಚೆಂಡು ಹೂವಿನ ಆಕರ್ಷಣೆ ಹೆಚ್ಚು. ಆದರೆ ಟೊಮೆಟೊ ಮತ್ತು ಚೆಂಡು ಹೂವನ್ನು ಒಂದೇ ದಿನ ಬಿತ್ತಿದರೆ ಉಪಯೋಗವಾಗದು. 25 ದಿನದ ಟೊಮೆಟೊ ಸಸಿಯ ಜೊತೆ 40ರಿಂದ 45 ದಿನದ ಚೆಂಡು ಹೂ ಸಸಿ ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಪತಂಗ ಚೆಂಡು ಹೂವಿನಲ್ಲೇ ಮೊಟ್ಟೆಯಿಡುತ್ತದೆ. ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳು ಮತ್ತು ಎಲೆಯಲ್ಲಿ ಅಗಲವಾದ ಪಾರದರ್ಶಕ ಮಚ್ಚೆಗಳು ಕಂಡರೆ, ಅದು 2014ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಮಹಾರಾಷ್ಟ್ರದಲ್ಲಿ ಕಾಣಿಸಿದ ದಕ್ಷಿಣ ಅಮೆರಿಕದ ಟೂಟಾ ಹುಳು. ಬಾಧಿತ ಎಲೆ ಕಾಯಿಗಳನ್ನು ಚೀಲಕ್ಕೆ ತುಂಬಿ ನಾಶಪಡಿಸಬೇಕು. ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗಿದ್ದರೆ ಕೀಟವೇ ಅಲ್ಲ. ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲ ಎಂಬಂತಾದಾಗ ಸುಣ್ಣದ ಅಂಶ ಕಾಯಿಗೆ ತಲುಪದೆ ಹಾಗಾಗುತ್ತದೆ.

ಹೀರೆ, ಹಾಗಲ, ಸೌತೆಯ ಮಿಡಿ ಹಳದಿಯಾಗಿ ಉದುರುವುದಕ್ಕೆ ಎರಡು ಕಾರಣಗಳಿವೆ. ಮಿಡಿಯನ್ನು ಉದ್ದಕ್ಕೆ ಸೀಳಬೇಕು. ಒಳಗೆ ಬಿಳಿ ಹುಳುಗಳಿದ್ದರೆ, ಹೊರಗೆ ಕಂದು ಚುಕ್ಕಿ ಅಥವಾ ಅಂಟಿನ ಹನಿ ಇದ್ದರೆ ಹಣ್ಣಿನ ನೊಣ. ಆಗ ಉಳಿದ ಮಿಡಿಗಳಿಗೆ ಪರಾಗಸ್ಪರ್ಶವಾದ ಒಂದೆರಡು ದಿನದಲ್ಲೇ ಕಾಗದದ ಚೀಲ ತೊಡಿಸಬೇಕು. ಉದುರಿದವನ್ನು ಗೊಬ್ಬರದ ಗುಂಡಿಗೆ ಹಾಕದೆ ಎರಡು ಅಡಿ ಆಳದಲ್ಲಿ ಹೂಳಬೇಕು, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಬೇಕು, ಏಕೆಂದರೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಸೀಳಿದಾಗ ಏನೂ ಇಲ್ಲದೆ ತುದಿಯಿಂದ ಸೊರಗಿದ್ದರೆ ಪರಾಗಸ್ಪರ್ಶ ಆಗಿಲ್ಲ. ಜೇನು ಬಾರದ ಮೇಲಂತಸ್ತಿನ ತಾರಸಿಗಳಲ್ಲಿ ಇದು ಸಾಮಾನ್ಯ. ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಸವರಬೇಕು: ಸೌತೆ, ಕುಂಬಳಕ್ಕೆ ಬೆಳಿಗ್ಗೆ, ಹೀರೆ, ಸೋರೆಗೆ ಸಂಜೆ, ಅವು ಅರಳುವ ಹೊತ್ತೇ ಹಾಗೆ.

ಇಡೀ ಗಿಡ ಸೊರಗಿದರೆ

ಮೊದಲು ಮಣ್ಣಿಗೆ ಎರಡು ಅಂಗುಲ ಬೆರಳಿಳಿಸಿ ನೋಡಬೇಕು. ಒಣಗಿದ್ದರೆ ನೀರು; ಕೆಸರಾಗಿದ್ದರೆ ಬೇರು ಕೊಳೆತಿದೆ, ಕುಂಡದ ತೂತು ಕಟ್ಟಿದೆಯೇ ನೋಡಬೇಕು. ಮಣ್ಣು ಹದವಾಗಿದ್ದೂ ಟೊಮೆಟೊ ಅಥವಾ ಬದನೆ ಗಿಡ ಹಸಿರಾಗಿರುವಾಗಲೇ ಹಠಾತ್ತನೆ ಜೋತುಬಿದ್ದರೆ, ಕಾಂಡದ ಬುಡದಿಂದ ಮೂರು ಅಂಗುಲದ ತುಂಡನ್ನು ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿನ ಮೇಲ್ಮೈಗೆ ಮುಟ್ಟುವಂತೆ ಅಲುಗಿಸದೆ ಹಿಡಿಯಬೇಕು. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ಚಿಕಿತ್ಸೆಯಿಲ್ಲ. ಗಿಡವನ್ನು ಬೇರು ಸಮೇತ ತೆಗೆದು ಸುಡಬೇಕು, ಆ ಮಣ್ಣಿಗೆ ವರ್ಷಗಟ್ಟಲೆ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಹಾಕಬಾರದು, ಕತ್ತರಿಯನ್ನು ಬಿಸಿನೀರು ಸೋಪಿನಲ್ಲಿ ತೊಳೆಯಬೇಕು.

ಗಿಡ ಸಾಯದೆ, ಬೆಳೆಯದೆ, ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದ್ದರೆ ಒಂದನ್ನು ಕಿತ್ತು ಬೇರು ತೊಳೆದು ನೋಡಬೇಕು. ಬೇರೇ ಊದಿಕೊಂಡು ಗಂಟು ಕಟ್ಟಿದ್ದರೆ ಬೇರಿಗೆ ಹೊಕ್ಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು (ನೆಮಟೋಡ್). ಆದರೆ ಹುರುಳಿ, ಅವರೆ, ಅಲಸಂದೆಯ ಬೇರಿನ ಪಕ್ಕಕ್ಕೆ ಅಂಟಿಕೊಂಡು, ಉಗುರಿನಿಂದ ತಳ್ಳಿದರೆ ಕಳಚಿ ಬರುವ, ಒಡೆದರೆ ಒಳಗೆ ನಸುಗೆಂಪಾಗಿರುವ ಗಂಟುಗಳು ಸಾರಜನಕ ಕೂಡಿಸುವ ದುಂಡಾಣುಗಳ ಮನೆ, ಅವು ಬೇಕಾದವು. ಜಂತುಹುಳುವಿನ ಜಾಗದಲ್ಲಿ ಒಂದು ಋತು ಪೂರ್ತಿ ಒತ್ತೊತ್ತಾಗಿ ಚೆಂಡು ಹೂ ಬೆಳೆದು, ಮಣ್ಣಿಗೆ ಬೇವಿನ ಅಥವಾ ಹೊಂಗೆಯ ಹಿಂಡಿ ಸೇರಿಸಬೇಕು.

ಬೇವು ಹಾಕಿಯೂ ಫಲ ಕಾಣದಿದ್ದರೆ

ಬೇವಿನ ಸಾರ ಕೀಟವನ್ನು ಹೊಡೆದು ಬೀಳಿಸುವುದಿಲ್ಲ. ಅದರ ಹಸಿವನ್ನೂ ಪೊರೆ ಬಿಡುವ ಕ್ರಿಯೆಯನ್ನೂ ಕೆಡಿಸುತ್ತದೆ, ಆದ್ದರಿಂದ ಮರುದಿನವೇ ಸತ್ತ ಹುಳು ಹುಡುಕುವುದು ವ್ಯರ್ಥ. ಬಿಸಿಲಿಗೆ ಅದರ ಸತ್ವ ಬೇಗ ಅಳಿಯುವುದರಿಂದ ಸಂಜೆಯೇ ಸಿಂಪಡಿಸಬೇಕು. ಎಣ್ಣೆಯಾದರೆ 5 ಮಿಲಿಲೀಟರನ್ನು ಮೊದಲು ಸೋಪಿನ ದ್ರಾವಣದಲ್ಲಿ ಕದಡಿ, ಹಾಲಿನಂತಾದ ಮೇಲೆ ಒಂದು ಲೀಟರ್ ನೀರು ಸೇರಿಸಬೇಕು. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಕೆಲವು ಎಲೆ ಸುಡುತ್ತವೆ, ಕೆಲವಕ್ಕೆ ಏನೂ ಸಿಕ್ಕಿರುವುದಿಲ್ಲ. ಕಷಾಯಕ್ಕೆ ನೆರಳಿನಲ್ಲಿ ಒಣಗಿಸಿದ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ, ಚೂರು ಸೋಪು ಸೇರಿಸಿ ಅಂದೇ ಬಳಸಬೇಕು. ಬೀಜಕ್ಕೆ ಹೋಲಿಸಿದರೆ ಎಲೆಯ ಕಷಾಯ ದುರ್ಬಲ. ಯಾವುದನ್ನೇ ಆಗಲಿ ಮೊದಲು ಎರಡು ಎಲೆಗೆ ಹಾಕಿ ಒಂದು ದಿನ ಕಾದು ನೋಡಬೇಕು, ಜೇನು ಹಾರಾಡುವ ಹೊತ್ತಿನಲ್ಲಿ ಹೂವಿನ ಮೇಲೆ ಹಾಕಬಾರದು.

ಎಚ್ಚರಿಕೆ, ಮತ್ತು ಎಲ್ಲಿ ನಿಲ್ಲಿಸಬೇಕು

ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿಯೆಂಬ ನಂಬಿಕೆ ಅಪಾಯಕಾರಿ. ತಂಬಾಕಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುವ ವಿಷ. ಸಹಜ ಕೃಷಿಯವರು ಬಳಸುವ ಅಗ್ನಿ ಅಸ್ತ್ರವೆಂಬ ಕಷಾಯದಲ್ಲಿಯೂ ತಂಬಾಕು ಇದೆ ಎಂಬುದನ್ನು ಮರೆಯಬಾರದು. ಸೊಪ್ಪು, ಎಳೆಗಾಯಿ ಕೊಯ್ಯುವ ಕೈತೋಟಕ್ಕೆ ಅದು ತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಮೇಲಾಗಿ ತಂಬಾಕಿನಿಂದ ಟೊಮೆಟೊ, ಮೆಣಸಿಗೆ ಮೊಸಾಯಿಕ್ ನಂಜು ದಾಟುವ ಸಾಧ್ಯತೆಯೂ ಇದೆ. ದತ್ತೂರ, ಎಕ್ಕದ ಕಷಾಯಕ್ಕೂ ಇದೇ ಮಾತು. ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯ ಸಿಂಪಡಿಸುವಾಗ ಕನ್ನಡಕ, ಮುಖಗವಸು ಬೇಕು, ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಯಾವ ಕಷಾಯವನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬಾರದು. ಮಗುವೋ ದೊಡ್ಡವರೋ ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆಮಾಡಿ, ಆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

ಕಾರಣ ಗೊತ್ತಾಗದೆ ಎರಡು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡಗಳಿಗೆ ಬಾಧೆ ಹಬ್ಬಿದರೆ, ಅಥವಾ ಮೂರು ಸಲ ಸರಿಯಾಗಿ ಸಿಂಪಡಿಸಿದ ಮೇಲೂ ಹೊಸ ಕುಡಿ ಕೆಟ್ಟೇ ಬರುತ್ತಿದ್ದರೆ, ಪ್ರಯೋಗ ನಿಲ್ಲಿಸಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಬೇಕು. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮಾದರಿ ಒಯ್ಯುವಾಗ ಸತ್ತ ಎಲೆ ಬೇಡ. ಬಾಧೆ ಆರಂಭವಾಗಿರುವ ರೆಂಬೆಯನ್ನು ಒಣ ಕಾಗದದಲ್ಲಿ ಸುತ್ತಿ, ಸೊರಗಿದ ಗಿಡವಾದರೆ ಬೇರಿನ ಮಣ್ಣು ಕೊಡವದೆ ಬುಡಕ್ಕಷ್ಟೇ ಚೀಲ ಕಟ್ಟಿ, ಅದೇ ದಿನ ತಲುಪಿಸಬೇಕು. ಹಿಂದಿನ ಮೂರು ವಾರಗಳಲ್ಲಿ ಏನೇನು ಸಿಂಪಡಿಸಿದಿರಿ, ಯಾವ ಗೊಬ್ಬರ ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು, ಏಕೆಂದರೆ ಅಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ.